ಮರಿ ಸರಿ, ಅದರ ತಾಯಿ ಎಲ್ಲಿ?

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಆಗುವ ಒಪ್ಪಂದಗಳು ಬಗೆಬಗೆಯವು. ಶೇಕಡಾ ತೊಂಬತ್ತು ಬಂದರೆ ಸೈಕಲ್ಲು, ತೊಂಬತ್ತೈದು ದಾಟಿದರೆ ಮೊಬೈಲು. ಇವೆರಡನ್ನೂ ಬಿಟ್ಟು ಮಗನೋ ಮಗಳೋ ನಾಯಿಮರಿಯೇ ಬೇಕೆಂದು ಹಟ ಹಿಡಿದರೆ ಅಪ್ಪ ಅಮ್ಮ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ, ಕೊನೆಗೆ ಒಪ್ಪುತ್ತಾರೆ. ಒಂದು ಭಾನುವಾರ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ, ಯಾವುದೋ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಕಾದು ನಿಂತು, ರಟ್ಟಿನ ಪೆಟ್ಟಿಗೆಯಲ್ಲಿ ಕಣ್ಣು ಪಿಳಿಪಿಳಿ ಬಿಡುವ ಮರಿಯನ್ನು ಪಡೆದು, ಹಣ ಎಣಿಸಿ ಕೊಟ್ಟು ಮನೆಗೆ ಬರುತ್ತಾರೆ. ಆ ಸಡಗರದಲ್ಲಿ ಒಂದು ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಮರಿಯೇನೋ ಸರಿ, ಅದರ ತಾಯಿ ಎಲ್ಲಿ?

ಮಾರುವವನು ತನ್ನ ಮನೆಗೆ ಕರೆಯದೆ ಬಂಕಿನ ಬಳಿ ಏಕೆ ಬರಹೇಳಿದ ಎಂದು ಯೋಚಿಸಿದರೆ ಅರ್ಧ ಉತ್ತರ ಸಿಕ್ಕಿದಂತೆಯೇ. ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗರ್ಭ ನಿಂತರೆ ಸುಮಾರು 63 ದಿನಕ್ಕೆ ಮರಿ. ಮರ್ಯಾದಸ್ಥ ತಳಿಗಾರರು ಒಂದು ಸೂಲು ಕಳೆದ ಮೇಲೆ ತಾಯಿಗೆ ಚೇತರಿಸಿಕೊಳ್ಳಲು ಬಿಡುತ್ತಾರೆ, ಕೊಳ್ಳಲು ಬಂದವರಿಗೆ ತಾಯಿಯನ್ನು ತಾವಾಗಿಯೇ ತೋರಿಸುತ್ತಾರೆ. ಇನ್ನೊಂದು ಬಗೆಯವರಿಗೆ ನಾಯಿಯೆಂದರೆ ಮರಿ ಹಾಕುವ ಯಂತ್ರ. ಊರಂಚಿನ ತಗಡಿನ ಶೆಡ್ಡು, ಮೂರನೇ ಮಹಡಿಯ ಮೇಲಿನ ಟೆರೇಸು, ಕಾರಿಲ್ಲದ ಗ್ಯಾರೇಜು, ಎಲ್ಲಿಯಾದರೂ ಸರಿ, ಒಂದು ಪಂಜರ ಹಿಡಿಸಿದರಾಯಿತು. ಒಂದು ಬೆದೆಯನ್ನೂ ಬಿಡದೆ ಗರ್ಭ ಕಟ್ಟಿಸಿದರೆ ವರ್ಷಕ್ಕೆ ಎರಡು ಸೂಲಿನ ಲೆಕ್ಕ. ಐದಾರು ವರ್ಷ ಕಳೆಯುವಷ್ಟರಲ್ಲಿ ಅದರ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮರಿಗಳ ಸಂಖ್ಯೆ ಇಳಿಯುತ್ತದೆ, ಕೆಲವು ಸತ್ತೇ ಹುಟ್ಟುತ್ತವೆ. ಆಗ ಅನ್ನ ಹಾಕುವುದು ನಷ್ಟದ ಬಾಬತ್ತು. ಒಂದು ರಾತ್ರಿ ಆ ನಾಯಿ ಕೆರೆಯಂಗಳದಲ್ಲೋ ಹೊರವರ್ತುಲ ರಸ್ತೆಯ ಬದಿಯಲ್ಲೋ ಇಳಿಯುತ್ತದೆ. ಅದೃಷ್ಟವಿದ್ದರೆ ಯಾರದಾದರೂ ಕಣ್ಣಿಗೆ ಬಿದ್ದು ಪ್ರಾಣಿದಯಾ ಸಂಸ್ಥೆಯ ಕೈ ಸೇರುತ್ತದೆ.

ಕಾನೂನು ಇಲ್ಲವೆಂದಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಸಾಕಣೆ ಮತ್ತು ಮಾರಾಟಕ್ಕೆಂದೇ ನಿಯಮಗಳನ್ನು ಹೊರಡಿಸಿತು. ತಳಿಗಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ ಹೆಣ್ಣುನಾಯಿಗೆ ಗರ್ಭ ಕಟ್ಟಿಸಬಾರದು, 8 ವರ್ಷ ದಾಟಿದ್ದಕ್ಕೂ ಕೂಡದು. ರಕ್ತಸಂಬಂಧಿ ನಾಯಿಗಳನ್ನು ಜೋಡಿ ಮಾಡಬಾರದು. ಎಂಟು ವಾರ ತುಂಬುವ ಮೊದಲು ಮರಿಯನ್ನು ಮಾರಬಾರದು. ಮಾರುವ ನಾಯಿಗೆ ಮೈಕ್ರೋಚಿಪ್ ಇರಬೇಕು, ಲಸಿಕೆ ಮತ್ತು ಆರೋಗ್ಯದ ದಾಖಲೆ ಕೊಡಬೇಕು. ಓದಲು ಸೊಗಸಾಗಿದೆ. ಆದರೆ ಇದರ ಹಿಂದಿರುವ ತಾಯಿಕಾನೂನು 1960ರದು. ಪ್ರಾಣಿಗಳಿಗೆ ಕ್ರೌರ್ಯ ಎಸಗಿದರೆ ಅದರಲ್ಲಿ ಮೊದಲ ತಪ್ಪಿಗೆ ಹೇಳಿರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಒಂದು ಮರಿಗೆ ಸಾವಿರಗಟ್ಟಲೆ ಎಣಿಸಿಕೊಳ್ಳುವವನಿಗೆ ಐವತ್ತು ರೂಪಾಯಿಯ ಹೆದರಿಕೆ ಎಷ್ಟಿದ್ದೀತು?

ಕನ್ನಡದ ಮಕ್ಕಳಿಗೆ ಈ ಕಥೆ ತೀರ ಹೊಸತೇನಲ್ಲ. 2022ರ ಜೂನ್ 10ರಂದು ತೆರೆಕಂಡ ‘777 ಚಾರ್ಲಿ’ ಚಿತ್ರವನ್ನು ನೋಡದ ಮನೆ ಕಡಿಮೆ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರದ ಲ್ಯಾಬ್ರಡಾರ್ ತಪ್ಪಿಸಿಕೊಂಡು ಬರುವುದು ಇಂಥದೇ ಒಬ್ಬ ಮರಿ ಮಾರುವವನ ಪಂಜರದಿಂದ. ಮುಂದೆ ಅದಕ್ಕೆ ಬರುವ ಕ್ಯಾನ್ಸರಿನ ಹಿಂದೆಯೂ ರಕ್ತಸಂಬಂಧದ ತಳಿ ಸಾಕಣೆಯ ಸೂಚನೆ ಇದೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಎಲ್ಲರೆದುರೇ ಕಣ್ಣೊರೆಸಿಕೊಂಡರು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಥಿಯೇಟರಿನಿಂದ ಮೂಗು ಒರೆಸುತ್ತ ಹೊರಬಂದ ಮಗು ‘ನಮಗೂ ಅಂಥದೇ ಒಂದು ಲ್ಯಾಬ್ರಡಾರ್ ಮರಿ ಕೊಡಿಸಿ’ ಎಂದರೆ ಬಯ್ಯುವಂತಿಲ್ಲ. ಆದರೆ ಆ ಮರಿಯನ್ನು ಬಂಕಿನ ಬಳಿ ಕೊಂಡರೆ ದುಡ್ಡು ಹೋಗುವುದು ಚಿತ್ರದ ಖಳನ ಜೇಬಿಗೇ ಎಂಬುದನ್ನು ಅದಕ್ಕೆ ಹೇಳುವವರು ಬೇಕು.

ಸಿನಿಮಾ, ಜಾಹೀರಾತುಗಳು ನಾಯಿಗಳಿಗೆ ಮಾಡಿದ ಉಪಕಾರ ಅಷ್ಟಕ್ಕಷ್ಟೆ. 2003ರಲ್ಲಿ ಹಚ್ ಮೊಬೈಲ್ ಕಂಪೆನಿಯ ಜಾಹೀರಾತಿನಲ್ಲಿ ಒಂದು ಪಗ್ ನಾಯಿ ಹುಡುಗನ ಹಿಂದೆ ಹಿಂದೆ ಓಡಿದ್ದೇ ತಡ, ಮೂತಿ ಚಪ್ಪಟೆಯಾದ ಆ ಜಾತಿಗೆ ದೇಶದಲ್ಲೆಲ್ಲ ಬೇಡಿಕೆ ಹುಟ್ಟಿತು. ಆ ಮೂತಿಯಲ್ಲಿ ಉಸಿರಾಟವೇ ಕಷ್ಟ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಕಷ್ಟ ಎಂಬುದು ಜಾಹೀರಾತಿನಲ್ಲಿ ಕಾಣುವಂಥದಲ್ಲ. ಹಿಮದ ನಾಡಿನ ಹಸ್ಕಿಯನ್ನು ಬಿ.ಟಿ.ಎಂ. ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವ ಷೋಕಿಯ ಮಾತು ಬೇರೆಯೇ.

ಹಾಗಾದರೆ, ಮರಿ ಬೇಡ, ಆ ತಾಯಿಯನ್ನೇ ಮನೆಗೆ ತಂದರೆ ಹೇಗೆ? ಇಂಥ ಮಾತು ಕೆಲವು ಮನೆಗಳಲ್ಲಿ ಏಳುತ್ತದೆ, ಮಕ್ಕಳೇ ಎತ್ತುವುದುಂಟು. ಒಳ್ಳೆಯ ಮಾತು. ಆದರೆ ಹೂಂ ಅನ್ನುವ ಮೊದಲು ತಿಳಿಯಬೇಕಾದದ್ದು ಬಹಳಷ್ಟಿದೆ.

ಮೊದಲು ಅದರ ಮೈ. ವರ್ಷಗಟ್ಟಲೆ ಗಟ್ಟಿ ನೆಲದಲ್ಲಿ ಬಿದ್ದುಕೊಂಡ ನಾಯಿಯ ಮೊಣಕೈಗಳಲ್ಲಿ ಕೂದಲು ಹೋಗಿ ಚರ್ಮ ದಡ್ಡುಗಟ್ಟಿರುತ್ತದೆ. ತಂತಿಬಲೆಯ ಮೇಲೆ ನಿಂತೂ ನಿಂತೂ ಬೆರಳ ಸಂದುಗಳು ಬಾತಿರುತ್ತವೆ. ನಡೆದಾಡದ ಉಗುರು ಸವೆಯದೆ ಒಳಗೆ ಸುತ್ತಿಕೊಂಡು ಬೆಳೆದಿರುತ್ತದೆ. ಮೊಲೆಗಳು ಜೋತುಬಿದ್ದಿರುತ್ತವೆ. ಹಲ್ಲು ಹುಳುಕು, ಕಿವಿಯಲ್ಲಿ ಸೋರಿಕೆ, ಮೈಯಲ್ಲಿ ಉಣ್ಣೆ, ಉಣ್ಣೆಯಿಂದ ಬರುವ ಜ್ವರ. ಇವೆಲ್ಲ ಕಣ್ಣಿಗೆ ಕಾಣುವವು, ಅಥವಾ ರಕ್ತಪರೀಕ್ಷೆಗೆ ಸಿಗುವವು. ಕಾಣದಿರುವುದು ಗರ್ಭಕೋಶದ ಕೀವು. ಬೆದೆ ಕಳೆದ ಒಂದೆರಡು ತಿಂಗಳೊಳಗೆ ನಾಯಿ ಮಂಕಾಗಿ, ಊಟ ಬಿಟ್ಟು, ಬಿಂದಿಗೆಗಟ್ಟಲೆ ನೀರು ಕುಡಿಯತೊಡಗಿದರೆ ನಾಳೆ ನೋಡೋಣವೆನ್ನುವಂತಿಲ್ಲ, ಅಂದೇ ವೈದ್ಯರ ಬಳಿ ಒಯ್ಯಬೇಕು. ತಡವಾದರೆ ಪ್ರಾಣಕ್ಕೇ ಕುತ್ತು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಭಯ ಬಹುಮಟ್ಟಿಗೆ ಕಳೆಯುತ್ತದೆ. ಆದರೆ ಮೊಲೆಯ ಗಂಟಿನ ವಿಷಯ ಹಾಗಲ್ಲ. ಮೊದಲ ಬೆದೆಗೆ ಮುಂಚೆ ಶಸ್ತ್ರಚಿಕಿತ್ಸೆಯಾದ ನಾಯಿಗೆ ಸಿಗುವ ರಕ್ಷಣೆ ಹಲವು ಸೂಲು ಕಂಡ ತಾಯಿಗೆ ಸಿಗದು. ತಿಂಗಳಿಗೊಮ್ಮೆ ಬೆರಳಾಡಿಸಿ ಗಂಟೇನಾದರೂ ಇದೆಯೇ ಎಂದು ನೋಡುತ್ತಿರಬೇಕು.

ಇವುಗಳಲ್ಲಿ ಕೆಲವು ಒಂದು ಸಲದ ಚಿಕಿತ್ಸೆಗೆ ಮುಗಿಯುತ್ತವೆ. ಕೆಲವು ಮುಗಿಯುವುದೇ ಇಲ್ಲ. ಕಣ್ಣು ಒಣಗುವ ತೊಂದರೆಯಿರುವ ಪಗ್‌ಗೆ ದಿನಕ್ಕೆ ಎರಡೋ ಮೂರೋ ಸಲ ಔಷಧಿ ಹಾಕಬೇಕು, ಅದೂ ಜೀವಮಾನವಿಡೀ. ಬಿಟ್ಟರೆ ದೃಷ್ಟಿ ಹೋಗುತ್ತದೆ. ಸೊಂಟದ ಕೀಲು ಸವೆದ ಲ್ಯಾಬ್ರಡಾರ್‌ಗೆ ತೂಕ ಏರದಂತೆ ಊಟ ಅಳೆದು ಹಾಕಬೇಕು, ಮೆಟ್ಟಿಲು ಹತ್ತಿಸಬಾರದು. ಇನ್ನು ಕೆಲವಕ್ಕೆ ಅಪಸ್ಮಾರದ ಮಾತ್ರೆ, ಹೃದಯದ ಮಾತ್ರೆ. ಮನೆಯಲ್ಲಿ ಅಜ್ಜನ ಬಿಪಿ ಗುಳಿಗೆಯ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಡಬ್ಬಿ ಏಳುತ್ತದೆ. ಎರಡೂ ಅದಲುಬದಲಾಗದಂತೆ ಎಚ್ಚರ ಬೇಕು. ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಕೂಡ. ಹಬ್ಬದ ದಿನ ಪ್ರೀತಿಯಿಂದ ಹಾಕಿದ ಪಾಯಸದಲ್ಲಿ ಏನಿದೆಯೆಂದು ನೋಡಿ ಹಾಕಬೇಕು.

ಮೈಯ ಗಾಯಕ್ಕಿಂತ ಮನಸ್ಸಿನದು ನಿಧಾನ. 2011ರಲ್ಲಿ ಅಮೆರಿಕದಲ್ಲಿ ಮ್ಯಾಕ್‌ಮಿಲನ್, ಡಫಿ, ಸರ್ಪೆಲ್ ಎಂಬ ಮೂವರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ದೊಡ್ಡ ಮರಿ ಸಾಕಣೆ ಕೇಂದ್ರಗಳಿಂದ ಹೊರಬಂದು ಮನೆ ಸೇರಿದ 1,169 ನಾಯಿಗಳ ನಡವಳಿಕೆಯನ್ನು ಅವುಗಳ ಯಜಮಾನರಿಂದ ಕೇಳಿ ತಿಳಿದು ಸಾಮಾನ್ಯ ಸಾಕುನಾಯಿಗಳೊಡನೆ ಹೋಲಿಸಿ ನೋಡಿದರು. ಪಂಜರದಿಂದ ಬಂದವುಗಳಲ್ಲಿ ಭಯ ಹೆಚ್ಚು, ಮುಟ್ಟಿದರೆ ಬೆದರುವುದು ಹೆಚ್ಚು, ಮನೆಯೊಳಗೆ ಹೊಲಸು ಮಾಡುವುದು ಹೆಚ್ಚು. ಸುಮ್ಮನೆ ಗೋಡೆಯನ್ನೇ ದಿಟ್ಟಿಸುವಂಥ ಚಾಳಿಗಳೂ ಇದ್ದವು. ಕಚ್ಚುವ ಸ್ವಭಾವ ಮಾತ್ರ ಹೆಚ್ಚಿರಲಿಲ್ಲ, ಬದಲಿಗೆ ಕಡಿಮೆಯೇ ಇತ್ತು. ಪಾಲಕರು ಗಮನಿಸಬೇಕಾದ ಅಂಶವಿದು. ಇಂಥ ನಾಯಿ ಮೈಮೇಲೆ ಬೀಳುವುದಕ್ಕಿಂತ ಮಂಚದ ಕೆಳಗೆ ನುಸುಳುವ ಸಂಭವ ಹೆಚ್ಚು.

ಬ್ರಿಟನ್ನಿನ ಲೂಸಿಯ ಹೆಸರನ್ನು ಇಲ್ಲಿ ಹೇಳಲೇಬೇಕು. ಅದು ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಜಾತಿಯ ಪುಟ್ಟ ನಾಯಿ. ವೇಲ್ಸ್‌ನ ಮರಿ ಸಾಕಣೆ ಕೇಂದ್ರವೊಂದರಲ್ಲಿ ವರ್ಷಗಟ್ಟಲೆ ಮರಿ ಹಾಕಿ 2013ರಲ್ಲಿ ಹೊರಬಂದಾಗ ಅದರ ಬೆನ್ನು ಬಾಗಿತ್ತು, ಇಕ್ಕಟ್ಟಿನ ಪಂಜರದಲ್ಲಿ ಕೂತು ಸೊಂಟದ ಕೀಲು ಬೆಸೆದುಕೊಂಡಿತ್ತು, ಅಲ್ಲಲ್ಲಿ ಕೂದಲು ಉದುರಿತ್ತು, ಅಪಸ್ಮಾರವೂ ಇತ್ತು. ದತ್ತು ಪಡೆದ ಮನೆಯಲ್ಲಿ ಅದು ಬದುಕಿದ್ದು ಸುಮಾರು ಮೂರೂವರೆ ವರ್ಷ, 2016ರ ಡಿಸೆಂಬರಿನವರೆಗೆ. ಅದರ ಹೆಸರಿನಲ್ಲೇ ನಡೆದ ಚಳವಳಿಯ ಫಲವಾಗಿ ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ 6ರಿಂದ ‘ಲೂಸಿಯ ಕಾನೂನು’ ಜಾರಿಗೆ ಬಂತು. ಅಲ್ಲಿ ಆರು ತಿಂಗಳೊಳಗಿನ ಮರಿಯನ್ನು ದಲ್ಲಾಳಿಯಾಗಲಿ ಅಂಗಡಿಯಾಗಲಿ ಮಾರುವಂತಿಲ್ಲ. ಸಾಕಿದವರಿಂದಲೇ ಕೊಳ್ಳಬೇಕು; ಮರಿ ತನ್ನ ತಾಯಿಯ ಜೊತೆಗಿರುವುದನ್ನು ಕೊಳ್ಳುವವರು ಕಣ್ಣಾರೆ ನೋಡಬೇಕು. ‘ತಾಯಿ ಎಲ್ಲಿ’ ಎಂಬ ನಮ್ಮ ಪ್ರಶ್ನೆಯನ್ನೇ ಅವರು ಶಾಸನ ಮಾಡಿಕೊಂಡರು ಎನ್ನಬಹುದು.

ಈಗ ಮತ್ತೆ ನಮ್ಮ ಬಡಾವಣೆಗೆ ಬರೋಣ. ಐದಾರು ವರ್ಷ ಪಂಜರದಲ್ಲಿದ್ದ ನಾಯಿಗೆ ಜಯನಗರದ ಮನೆಯೊಂದು ಚಂದ್ರಲೋಕವಿದ್ದಂತೆ. ಅದು ಮೆಟ್ಟಿಲು ಕಂಡಿರುವುದಿಲ್ಲ. ಹೊಳೆಯುವ ಟೈಲ್ಸ್ ನೆಲದ ಮೇಲೆ ಕಾಲಿಡಲು ಹೆದರಿ ನಿಂತಲ್ಲೇ ನಡುಗುತ್ತದೆ. ಹಳೆಯ ಮನೆಗಳ ಕಾವಿ ನೆಲವೂ ನುಣುಪೇ. ಬಾಗಿಲಿಂದ ಅದರ ಮೂಲೆಯವರೆಗೆ ಗೋಣಿತಾಟೋ ಹಳೆಯ ಜಮಖಾನವೋ ಹಾಸಿದರೆ ಅದರ ಮೇಲೆ ನಡೆದು ಬರುತ್ತದೆ. ಮಿಕ್ಸಿಯ ಸದ್ದು, ಕುಕ್ಕರಿನ ಕೂಗು, ಫ್ಯಾನು, ಟೀವಿ ಎಲ್ಲವೂ ಅದಕ್ಕೆ ಹೊಸದು. ಕೆಲವು ಗಾಬರಿಯಲ್ಲಿ ಕೂತಲ್ಲೇ ಸುತ್ತು ಹಾಕುತ್ತವೆ. ಪಂಜರದ ಅಳತೆಯ ಆ ಸುತ್ತು ಮನೆ ಎಷ್ಟು ದೊಡ್ಡದಾದರೂ ಬೇಗ ಬಿಡುವುದಿಲ್ಲ. ಮಲಗುವ ಜಾಗದಲ್ಲೇ ಮಲಮೂತ್ರ ಮಾಡುವುದು ಪಂಜರದಲ್ಲಿ ಅನಿವಾರ್ಯವಾಗಿತ್ತು. ಅದನ್ನು ಮರೆಸಲು ಪುಟ್ಟ ಮರಿಗೆ ಕಲಿಸಿದ್ದಕ್ಕಿಂತ ಹೆಚ್ಚು ಕಾಲ ಬೇಕು. ಗದರಿದರೆ ಕೆಲಸ ಕೆಡುತ್ತದೆ. ಗೊತ್ತಾದ ಹೊತ್ತಿಗೆ ಹೊರಗೆ ಕರೆದೊಯ್ದು, ಅಲ್ಲಿ ಮಾಡಿದರೆ ಒಂದು ತುಣುಕು ತಿಂಡಿ ಕೊಡುವುದೊಂದೇ ದಾರಿ.

ಅನುಭವಸ್ಥರು ಹೇಳುವ ಅಂದಾಜು ಲೆಕ್ಕವೊಂದಿದೆ: ಬೆದರಿಕೆ ಇಳಿಯಲು ಮೂರು ದಿನ, ಮನೆಯ ದಿನಚರಿ ಅರ್ಥವಾಗಲು ಮೂರು ವಾರ, ಇದು ನನ್ನ ಮನೆಯೆಂದು ಅನ್ನಿಸಲು ಮೂರು ತಿಂಗಳು. ಪಂಜರದ ತಾಯಿಗೆ ಇದನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿಕೊಳ್ಳುವುದು ಕ್ಷೇಮ. ಮೊದಲ ದಿನವೇ ಸ್ನಾನ, ನೆಂಟರಿಷ್ಟರಿಗೆಲ್ಲ ಪ್ರದರ್ಶನ, ಕೊರಳಿಗೆ ಗೆಜ್ಜೆ, ಯಾವುದೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಗೇಟು. ಬೆದರಿದ ನಾಯಿಗೆ ಒಂದು ಅಡಿ ಸಂದು ಸಿಕ್ಕರೆ ಸಾಕು, ಹಾರಿ ಓಡುತ್ತದೆ. ಅದಕ್ಕೆ ಹೆಸರು ಗೊತ್ತಿಲ್ಲ, ಕರೆದರೆ ಬರುವುದಿಲ್ಲ, ರಸ್ತೆಯ ವಾಹನ ಎಂದರೇನೆಂದೇ ತಿಳಿಯದು. ಕೊರಳಪಟ್ಟಿಯ ಜೊತೆಗೆ ಎದೆಗೂ ಪಟ್ಟಿ ಕಟ್ಟಿ, ಎರಡಕ್ಕೂ ಹಗ್ಗ ಹಾಕಿ, ದೊಡ್ಡವರೇ ಹಿಡಿದು ನಡೆಸಬೇಕು. ಸಂಜೆಯ ಜನಜಂಗುಳಿಯ ನಾಲ್ಕನೇ ಬ್ಲಾಕಿಗೆ ಕರೆದೊಯ್ಯುವುದಲ್ಲ. ಬೆಳಗಿನ ಐದೂವರೆಗೆ, ಹಾಲಿನವನ ಬಿಟ್ಟರೆ ಯಾರೂ ಇಲ್ಲದ ಅಡ್ಡರಸ್ತೆಯಲ್ಲಿ.

ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದದ್ದು ಏನು? ಬಹಳ ಸುಲಭದ, ಬಹಳ ಕಷ್ಟದ ಒಂದು ಕೆಲಸ: ಅದರ ಹತ್ತಿರ ಸುಮ್ಮನೆ ಕೂರುವುದು. ಅಪ್ಪಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ತಲೆಯ ಮೇಲೆ ಕೈ ತರಬಾರದು. ಆರಡಿ ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಳಿತು ಪುಸ್ತಕ ಓದುತ್ತಿರಬೇಕು. ಮೆಲುದನಿಯಲ್ಲಿ ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ತಮಾಷೆಯಲ್ಲ. ಅಮೆರಿಕದ ಮಿಸೌರಿಯ ಪ್ರಾಣಿದಯಾ ಸಂಸ್ಥೆಯೊಂದು ಶಾಲಾ ಮಕ್ಕಳನ್ನು ಕರೆಸಿ, ಅಂಜುಬುರುಕ ನಾಯಿಗಳ ಗೂಡಿನೆದುರು ಕೂರಿಸಿ ಕಥೆ ಓದಿಸುವ ಕ್ರಮವನ್ನೇ ನಡೆಸಿದೆ. ನಮ್ಮ ಹತ್ತನೇ ತರಗತಿಯ ಹುಡುಗಿ ವಿಜಯನಗರ ಸಾಮ್ರಾಜ್ಯದ ಪಾಠವನ್ನು ಓದಿದರೂ ನಾಯಿಗೆ ಅಷ್ಟೇ ಹಿತ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಕೇಡು ಮಾಡದ ಒಂದು ದನಿ. ಎಷ್ಟೋ ವಾರದ ಮೇಲೆ ಒಂದು ಸಂಜೆ ಅದು ಎದ್ದು ಬಂದು ಪುಸ್ತಕದ ಅಂಚನ್ನು ಮೂಸಿ ಹಿಂದಕ್ಕೆ ಹೋಗುತ್ತದೆ. ಅಂದು ಅಷ್ಟೇ. ಆಗಲೂ ಕೈ ಚಾಚಬಾರದು.

ಕಣ್ಣಿಗೆ ಔಷಧಿ ಹಾಕುವುದು, ಮಾತ್ರೆ ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ತಿಂಗಳಿಗೊಮ್ಮೆ ತೂಕ ಬರೆದಿಡುವುದು, ಇವನ್ನೂ ಮಕ್ಕಳು ಚೆನ್ನಾಗಿ ಮಾಡುತ್ತಾರೆ. ಆದರೆ ಜವಾಬ್ದಾರಿ ದೊಡ್ಡವರದೇ. ಪಿ.ಯು.ಸಿ. ಮುಗಿಸಿ ಸುರತ್ಕಲ್ಲಿಗೋ ಮಣಿಪಾಲಕ್ಕೋ ಹೊರಟ ಮಗ ನಾಯಿಯನ್ನು ಹಾಸ್ಟೆಲಿಗೆ ಒಯ್ಯಲಾರ. ಅಂದಿನಿಂದ ಅದು ಅಪ್ಪ ಅಮ್ಮನ ನಾಯಿ. ಬಿ.ಟಿ.ಎಂ. ಬಡಾವಣೆಯ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿರುವ ವಿದ್ಯಾರ್ಥಿಗಳು ಮರುಕದಿಂದ ಇಂಥ ನಾಯಿ ತಂದುಕೊಂಡರೆ, ಕೋಣೆ ಬದಲಿಸುವ ದಿನ ಅದು ಇನ್ನೊಮ್ಮೆ ಅನಾಥ. ಅವರಿಗೆ ಭಾನುವಾರ ಆಶ್ರಯಧಾಮಕ್ಕೆ ಹೋಗಿ ಎರಡು ತಾಸು ಕೂತು ಬರುವುದೇ ಮೇಲು.

ಮನೆಯ ಹಿರಿಯರ ಒಪ್ಪಿಗೆಯನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಗಲೆಲ್ಲ ನಾಯಿಯ ಜೊತೆ ಇರುವವರು ಅಜ್ಜಿಯೇ. ಮಡಿ, ದೇವರ ಕೋಣೆ, ಅಡುಗೆಮನೆಗಳ ಗಡಿಯನ್ನು ಮೊದಲೇ ಗೊತ್ತುಮಾಡಿ ಬಾಗಿಲಿಗೆ ಅಡ್ಡ ಹಲಗೆ ಇಟ್ಟುಬಿಟ್ಟರೆ ಅಜ್ಜಿಗೂ ನೆಮ್ಮದಿ, ನಾಯಿಗೂ ನೆಮ್ಮದಿ. ಮೊಟ್ಟೆಯೂ ಒಳಗೆ ಬಾರದ ಮನೆಯಾದರೆ ನಾಯಿಯ ಆಹಾರವೇನೆಂದು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಬರೀ ಮೊಸರನ್ನದಲ್ಲಿ ಬಳಲಿದ ಮೈ ಚೇತರಿಸದು. ಇನ್ನು ಅಪಾರ್ಟ್‌ಮೆಂಟಿನ ಸಂಘದವರು ನಾಯಿ ಸಾಕಕೂಡದೆಂದು ಠರಾವು ಮಾಡುವಂತಿಲ್ಲ, ಲಿಫ್ಟಿಗೆ ಬೇಡವೆನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ಪಕ್ಕದ ಮನೆಯವರಿಗೆ ಒಂದು ಮಾತು ಮೊದಲೇ ಹೇಳಿಡುವುದರಿಂದ ಆಗುವ ಉಪಯೋಗ ಸುತ್ತೋಲೆಯಿಂದ ಆಗದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲೇ ಇರಲಿ.

ಖರ್ಚಿನ ಮಾತನ್ನು ಮುಚ್ಚಿಡುವುದು ಸರಿಯಲ್ಲ. ದತ್ತು ನಾಯಿಗೆ ಬೆಲೆಯಿಲ್ಲವೆಂದು ಸಂತೋಷಪಟ್ಟವರು ಮೊದಲ ವರ್ಷದಲ್ಲೇ ರಕ್ತಪರೀಕ್ಷೆ, ಸ್ಕ್ಯಾನಿಂಗು, ಶಸ್ತ್ರಚಿಕಿತ್ಸೆ, ಅರಿವಳಿಕೆ ಕೊಟ್ಟು ಹಲ್ಲು ತೆಗೆಸುವುದು, ಉಣ್ಣೆಯ ಔಷಧಿ ಎಂದು ಕೊಂಡ ಮರಿಯ ಬೆಲೆಯನ್ನೂ ಮೀರಿಸುತ್ತಾರೆ. ಸಮಯವೂ ಖರ್ಚೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬನಶಂಕರಿಯವರಿಗೆ ಊರಿನ ಆಚೆ ತುದಿ. ಮೆಟ್ರೋದಲ್ಲಿ ನಾಯಿಗೆ ಪ್ರವೇಶವಿಲ್ಲ. ನಾಯಿಯನ್ನು ಕಂಡ ಆಟೋದವರಲ್ಲಿ ನಿಲ್ಲಿಸುವವರು ಕೆಲವರೇ. ಆದ್ದರಿಂದ ನಾಯಿ ಬರುವ ಮೊದಲೇ ಬಡಾವಣೆಯಲ್ಲಿ ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಂಡು, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಬರೆದಿಟ್ಟುಕೊಳ್ಳಬೇಕು.

ನಾಯಿ ಸಿಗುವುದೆಲ್ಲಿ? ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಹಳೆಯ ಬೇರುಗಳಿವೆ. ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳಿಗಾಗಿ ದುಡಿದ ಇಂಗ್ಲಿಷ್ ಮಹಿಳೆ ಕ್ರಿಸ್ಟಲ್ ರೋಜರ್ಸ್ ಎಂಬತ್ತು ದಾಟಿದ ವಯಸ್ಸಿನಲ್ಲಿ ಇಲ್ಲಿಗೆ ಬಂದು 1991ರಲ್ಲಿ ಕ್ಯುಪಾ ಸಂಸ್ಥೆಯನ್ನು ಆರಂಭಿಸಿದರು. ಬಿಸಾಡಿದ ಜಾತಿನಾಯಿಗಳಿಗೆಂದೇ ಕ್ಯುಪಾ ‘ಸೆಕೆಂಡ್ ಚಾನ್ಸ್’ ಎಂಬ ದತ್ತು ಕೇಂದ್ರ ನಡೆಸಿಕೊಂಡು ಬಂದಿದೆ. ಮೂರು ಕಾಲಿನ ನಾಯಿಯೊಂದರ ಹೆಸರಿನಲ್ಲಿ 2013ರಲ್ಲಿ ಹುಟ್ಟಿದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇನ್ನೊಂದು. ದತ್ತು ಎಂದಾಗ ನಮಗೆ ಹೋಮ, ಆಸ್ತಿ, ವಂಶ ನೆನಪಾಗುತ್ತವೆ. ಇಲ್ಲಿಯದು ಅರ್ಜಿ, ಮನೆ ನೋಡಲು ಬರುವ ಸ್ವಯಂಸೇವಕರು ಮತ್ತು ಹತ್ತಾರು ಪ್ರಶ್ನೆಗಳ ಕ್ರಮ. ಹಗಲು ಯಾರಿರುತ್ತಾರೆ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಬಾಲ್ಕನಿಗೆ ಜಾಲರಿ ಇದೆಯೆ? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲವೆಂದು ಕೆಲವರು ಸಿಡುಕುವುದುಂಟು. ಸಿಡುಕುವವರಿಗೆ ನಾಯಿ ಕೊಡದಿರುವುದು ಸಂಸ್ಥೆಯವರ ಜಾಣತನ. ದತ್ತು ಪಡೆಯುವವರೂ ತಿರುಗಿ ಕೇಳಬೇಕು: ಯಾವ ಯಾವ ಪರೀಕ್ಷೆಯಾಗಿದೆ, ಯಾವ ಔಷಧಿ ನಡೆಯುತ್ತಿದೆ, ಮೆಟ್ಟಿಲು ಹತ್ತುತ್ತದೆಯೆ, ಬೇರೆ ನಾಯಿಯ ಜೊತೆ ಹೇಗೆ? ಮನೆಯಲ್ಲಿ ಸಾಧುಸ್ವಭಾವದ ಇನ್ನೊಂದು ನಾಯಿ ಇದ್ದರೆ ಪಂಜರದ ತಾಯಿ ಅದನ್ನು ನೋಡಿಯೇ ಅರ್ಧ ಪಾಠ ಕಲಿಯುತ್ತದೆ.

ಹಾಗಿದ್ದೂ ಮರಿಯೇ ಬೇಕೆನ್ನುವವರು ಇದ್ದೇ ಇರುತ್ತಾರೆ. ಅವರು ತಾಯಿಯಿರುವ ಜಾಗಕ್ಕೇ ಹೋಗಿ ನೋಡಲಿ, ನೋಂದಣಿ ಪತ್ರ ಕೇಳಲಿ. ತೋರಿಸಲು ಒಪ್ಪದವನಿಂದ ಬರಿಗೈಯಲ್ಲಿ ಹಿಂದಿರುಗಲಿ, ಮಗು ದಾರಿಯುದ್ದಕ್ಕೂ ಅತ್ತರೂ ಚಿಂತೆಯಿಲ್ಲ.

ಇನ್ನು ತಾಯಿಯನ್ನು ತರುವವರಿಗೆ ಕಾಲದ ಮಾತು. ದೀಪಾವಳಿಗೆ ಎರಡು ವಾರವಿರುವಾಗ ಬೇಡ. ಪಟಾಕಿಯ ಸದ್ದಿಗೆ ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ನೀರಾಗುತ್ತದೆ. ಪರೀಕ್ಷೆಯ ಮನೆಯಾದರೆ ಫೆಬ್ರವರಿ, ಮಾರ್ಚ್ ಬೇಡ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರಾದರೆ ಹಿಂದಿರುಗಿ ಬಂದ ಮೇಲೆ, ಶಾಲೆ ಶುರುವಾಗಿ ದಿನಚರಿ ಒಂದು ಹದಕ್ಕೆ ಬಂದ ಜೂನ್ ತಿಂಗಳು ಅನುಕೂಲ. ಗಣೇಶನ ಹಬ್ಬದ ಹೊತ್ತಿಗೆ ಮನೆ ಅದಕ್ಕೆ ಪರಿಚಯವಾಗಿರುತ್ತದೆ. ಮೆರವಣಿಗೆಯ ತಮಟೆ ಕೇಳಿಸಿದ ಸಂಜೆ ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮನೆಯ ಒಬ್ಬರು ಅದರ ಜೊತೆ ಕುಳಿತಿರಬೇಕು. ಯಾರು ಕೂರುವುದೆಂಬುದನ್ನು ಮಾತ್ರ ಹಿಂದಿನ ದಿನವೇ ಗೊತ್ತುಮಾಡಿಟ್ಟುಕೊಂಡಿರಲಿ.